ದಫ್ತರದ ಸಮುದ್ರ

ನಮ್ಮ ಮನೆಬಂಡಿ ಮಧುಗಿರಿ ಬಿಟ್ಟದ್ದು ೧೯೪೩ರ ಕಾರ್ತಿಕ ಮಾಸದ ಒಂದು ಬುಧವಾರ, ಬೆಳಗ್ಗೆ ಏಳು ಗಂಟೆಗೆ. ಒಳಗೆ ಮೂವರಿದ್ದೆವು: ಕಂದಾಯ ಇಲಾಖೆಯಲ್ಲಿ ಶೇಕ್‌ದಾರರಾಗಿದ್ದು ಎರಡು ವರ್ಷದ ಹಿಂದೆ ನಿವೃತ್ತರಾದ ನನ್ನ ತಂದೆ ತಿಮ್ಮರಾಯಪ್ಪನವರು, ತಾಯಿ ಕೆಂಚಮ್ಮ, ಆ ವರ್ಷವಷ್ಟೇ ಬಿ.ಎಸ್ಸಿ. ಮುಗಿಸಿ ಮನೆಗೆ ಮರಳಿದ್ದ ನಾನು, ಗಂಗಲಕ್ಷ್ಮಿ. ಮುಂದೆ ಮೂಕಿಯ ಮೇಲೆ ಗಾಡಿ ಹೊಡೆಯುವ ಬೋರಯ್ಯ, ಹೊಳವನಹಳ್ಳಿಯವನು.

ಮನೆಬಂಡಿ ಎಂಬ ಹೆಸರು ಅಪ್ಪಯ್ಯ ಇಟ್ಟದ್ದು. ನೌಕರಿಯಲ್ಲಿದ್ದಾಗ ದೊಡ್ಡ ಅಧಿಕಾರಿಗಳು ಹೆಂಡತಿ ಮಕ್ಕಳೊಡನೆ ಕಾಡಿನಲ್ಲಿ ಡೇರೆ ಹೊಡೆದು, ಹಕ್ಕಿ ಜಿಂಕೆಗಳನ್ನು ನೋಡುತ್ತ ಹದಿನೈದು ದಿನ ಕಳೆಯುವುದನ್ನು ಅವರು ಕಂಡಿದ್ದರು. ತಾವೂ ಹಾಗೆ ಒಮ್ಮೆ ಹೋಗಬೇಕೆಂಬ ಆಸೆ ಇಪ್ಪತ್ತು ವರ್ಷದ್ದು. ಬಡಗಿಯನ್ನು ಎದುರಿಗೆ ಕೂರಿಸಿಕೊಂಡು ಬಿದಿರ ಕಮಾನು, ಅದರ ಮೇಲೆ ಮೇಣಗಪ್ಪಡ, ಒಳಗೆ ಮಡಿಸಿಡಬಹುದಾದ ಮಲಗುವ ಹಲಗೆ, ಹಿಂಬದಿಗೆ ಪಾತ್ರೆಯ ಗೂಡು ಎಲ್ಲವನ್ನೂ ಅಳತೆ ಹೇಳಿ ಮಾಡಿಸಿದರು. ಗಾಡಿ ನಿಜಕ್ಕೂ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಬೇಕಲ್ಲ ಎಂದು ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಅವ್ವ ಈ ಪ್ರವಾಸಕ್ಕೆ ಒಪ್ಪಿದ್ದು ಕಾಡಿಗಾಗಿ ಅಲ್ಲ, ಸಮುದ್ರಕ್ಕಾಗಿ. ನನ್ನ ಅಣ್ಣ ಜಯರಾಮ ಸೈನ್ಯದಲ್ಲಿ ಗುಮಾಸ್ತನಾಗಿ ಸೇರಿದ್ದ. ಹಿಂದಿನ ವರ್ಷದ ಬೇಸಿಗೆಯಲ್ಲಿ ಅವನಿದ್ದ ಹಡಗು ಮುಳುಗಿತು. ತಂತಿ ಬಂತು, ದೇಹ ಬರಲಿಲ್ಲ. ನಮ್ಮಲ್ಲಿ ಹಿರಿಯರ ಹಬ್ಬದ ದಿನ ಸತ್ತವರ ಹೆಸರಿನಲ್ಲಿ ಬಾಳೆಲೆಯ ಮೇಲೆ ಎಡೆ ಇಟ್ಟು, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು ಧೂಪ ಹಾಕುತ್ತೇವೆ. ಎರಡು ಹಬ್ಬ ಕಳೆದರೂ ಅಣ್ಣನ ಎಡೆ ಇಡಲು ಅವ್ವ ಬಿಡಲಿಲ್ಲ.

“ಮಣ್ಣಾಗಿರೋರ್ಗೆ ಮನೇಲಿ ಇಡಿ. ಅವನು ನೀರಾಗವ್ನೆ. ಆ ನೀರಿನ ದಡದಾಗೆ ಒಂದ್ಸಲ ಇಟ್ಟು ಕರೆದ್ರೆ ತಾನೆ, ಆಮೇಲೆ ಅವನು ಮನೇಗೆ ಬರೋದು” ಎಂದಿದ್ದಳು.

ಅದಕ್ಕೆ ಅಪ್ಪಯ್ಯ ಕೊಟ್ಟ ಉತ್ತರ ನನ್ನ ಕಿವಿಯಲ್ಲಿ ಪದಶಃ ಇದೆ. “ಸಮುದ್ರಕ್ಕೆ ತಾನೆ? ಕರ್ಕೊಂಡು ಹೋಗ್ತೀನಿ ಬಾ. ಎಂಟು ದಿನ ಕಾಡು, ಆಮೇಲೆ ಸಮುದ್ರ.”

ಅವ್ವ ಅಣ್ಣನಿಗೆ ಇಷ್ಟವಾದ ತಂಬಿಟ್ಟು ಮಾಡಿ ಡಬ್ಬಿಗೆ ತುಂಬಿದಳು. ಹೊಸ ಪಂಚೆ, ಹೊಸ ಷರ್ಟು ಕೊಂಡು, ಡಬ್ಬಿಯೊಡನೆ ಒಂದು ಬಿಳಿ ವಸ್ತ್ರದಲ್ಲಿ ಗಂಟು ಕಟ್ಟಿದಳು. ಹತ್ತು ದಿನ ಆ ಗಂಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಮೊದಲ ದಿನಗಳು ಸುಖವಾಗಿಯೇ ಕಳೆದವು. ಕೊರಟಗೆರೆ ದಾಟಿ ದೇವರಾಯನದುರ್ಗದ ಕಾಡಿನ ಅಂಚಿನಲ್ಲಿ ಬೀಡು ಬಿಟ್ಟೆವು. ನಾನು ಒಂದು ಪುಸ್ತಕವಿಟ್ಟುಕೊಂಡು, ಕಂಡ ಪ್ರಾಣಿ, ಸಮಯ, ಮರ, ದೂರ ಇವನ್ನು ಅಂಕಣ ಮಾಡಿ ಬರೆಯುತ್ತಿದ್ದೆ. ದಾರಿಯ ಅಳತೆಗೂ ಒಂದು ಉಪಾಯ ಮಾಡಿದ್ದೆ: ಚಕ್ರದ ಸುತ್ತಳತೆ ಹದಿನಾಲ್ಕು ಅಡಿ, ಅದರ ಒಂದು ಅರೆಕಾಲಿನ ಕಡ್ಡಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ ಸುತ್ತು ಎಣಿಸಿದರೆ, ಮುನ್ನೂರ ಎಪ್ಪತ್ತೇಳು ಸುತ್ತಿಗೆ ಒಂದು ಮೈಲಿ.

ಸೋಮವಾರ ಬೋರಯ್ಯ ಎತ್ತು ಹೂಡಲಿಲ್ಲ. ಅದು ಬಸವಣ್ಣನ ದಿನ. ಅಪ್ಪಯ್ಯ ಗದರಿದರೂ ಅವನು ನೊಗ ಮುಟ್ಟಲಿಲ್ಲ. ಹಾಗಾಗಿ ಇಡೀ ದಿನ ಕಾಡಿನೊಳಗೆ ನಡೆದೆವು. ಎರಡು ಕರಡಿಗಳ ಹೆಜ್ಜೆ, ನವಿಲಿನ ಹಿಂಡು, ಆಮೇಲೆ ಒಂದು ದಟ್ಟವಾದ ಪೊದೆಮರದ ಕವಲಿನಲ್ಲಿ ಚೆಂಡಿನಂತೆ ಮುದುಡಿ ಮಲಗಿದ್ದ ಒಂದು ಸಣ್ಣ ಜೀವ. ನಮ್ಮ ಸದ್ದಿಗೆ ಅದು ತಲೆಯೆತ್ತಿ, ಮುಖದಷ್ಟೇ ದೊಡ್ಡದಾದ ಕಣ್ಣು ತೆರೆಯಿತು. ಹೊಟ್ಟೆಗೆ ಒಂದು ಮರಿ ಅಂಟಿಕೊಂಡಿತ್ತು.

“ಕರಡಿ ಮರಿ” ಎಂದರು ಅಪ್ಪಯ್ಯ.

“ಕಾಡುಪಾಪ ಸ್ವಾಮಿ” ಎಂದ ಬೋರಯ್ಯ.

“ಹಂಗಂತ ಯಾವ ಪ್ರಾಣಿನೂ ಇಲ್ಲ. ನಾನು ಈ ಕಾಡಿನ ಪಟ್ಟಿ ನೋಡಿದೀನಿ. ಕರಡಿ ಅಂತ ಇದೆ, ಚಿರತೆ ಅಂತ ಇದೆ. ಪಾಪ ಗೀಪ ಇಲ್ಲ.”

“ಪಟ್ಟಿ ಬರೆದೋರು ಮರ ಹತ್ತಿರ್ಲಿಲ್ಲವೇನೋ ಬುದ್ಧಿ” ಎಂದು ಬೋರಯ್ಯ ಬೀಡಿ ಹುಡುಕತೊಡಗಿದ. ನಾನು ನಕ್ಕೆ. ಅವ್ವ ನಗಲಿಲ್ಲ; ಗಂಟನ್ನು ಎದೆಗೊತ್ತಿಕೊಂಡು ಆ ತಾಯಿಯನ್ನೇ ನೋಡುತ್ತಿದ್ದಳು.

“ಹೆಂಗೆ ಹಿಡ್ಕಂಡೈತೆ ನೋಡು” ಎಂದಳು. “ನಾಳೆ ಹೊರಡ್ತೀವಾ? ಇನ್ನೆಷ್ಟು ದೂರ ಸಮುದ್ರ?”

“ಹತ್ತಿರ ಬಂತು” ಎಂದರು ಅಪ್ಪಯ್ಯ.

ಆ ಮಾತು ನನಗೆ ತಟ್ಟಬೇಕಿತ್ತು, ತಟ್ಟಲಿಲ್ಲ. ಕಾಡುಪಾಪದ ಬೆರಳುಗಳ ಚಿತ್ರ ಬರೆಯುವುದರಲ್ಲಿ ಮುಳುಗಿದ್ದೆ.

ಮಂಗಳವಾರ ವಾಯವ್ಯಕ್ಕೆ ತಿರುಗಿದೆವು. ಗುರುವಾರ ಮಧ್ಯಾಹ್ನ ಅವ್ವ ಒಳಗೆ ನಿದ್ದೆ ಹೋಗಿದ್ದಳು. ನಾನೂ ಅಪ್ಪಯ್ಯನೂ ಗಾಡಿಯ ಪಕ್ಕದಲ್ಲಿ ನಡೆಯುತ್ತಿದ್ದೆವು. ದಾರಿ ಕವಲೊಡೆದ ಕಡೆ ಬೋರಯ್ಯ ಹಗ್ಗ ಜಗ್ಗಿ ನಿಲ್ಲಿಸಿದ.

“ಸಿರಾ ಒಳಗಿಂದ ಹೋದ್ರೆ ಹತ್ರ ಕಣ್ರಪ್ಪ. ಇಂಗೆ ಸುತ್ತಿ ಹೋದ್ರೆ ನಾಕು ಮೈಲಿ ದಂಡ.”

“ಊರೊಳಗೆ ಬೇಡ. ಸುತ್ತಿ ಹೊಡಿ.”

“ಯಾಕೆ ಸ್ವಾಮಿ?”

“ಹೇಳಿದಷ್ಟು ಮಾಡು.”

ನನ್ನ ಪುಸ್ತಕದ ಪ್ರಕಾರ ಅಲ್ಲಿಯವರೆಗೆ ನಾವು ಬಂದದ್ದು ಎಪ್ಪತ್ತೊಂದು ಮೈಲಿ. ಅದರಲ್ಲಿ ಅರ್ಧ ದಕ್ಷಿಣಕ್ಕೆ ಹೋಗಿ ಹಿಂದಕ್ಕೆ ಬಂದದ್ದು. ಮಧುಗಿರಿಯಿಂದ ನೇರವಾಗಿ ಬಂದಿದ್ದರೆ ಸಿರಾ ಎರಡು ದಿನದ ದಾರಿ. ಪಶ್ಚಿಮದ ಕರಾವಳಿ ಇನ್ನೂ ನೂರೈವತ್ತು ಮೈಲಿಗಿಂತ ಹೆಚ್ಚು ದೂರ, ನಡುವೆ ಘಟ್ಟ. ನಾಡಿದ್ದು ಸಮುದ್ರ ಎಂದು ಅಪ್ಪಯ್ಯ ಬೆಳಗ್ಗೆಯಷ್ಟೇ ಹೇಳಿದ್ದರು.

“ಅಪ್ಪಯ್ಯ, ನಾವು ಎಲ್ಲಿಗೆ ಹೋಗ್ತಿದೀವಿ?”

ಅವರು ಕೋಟಿನ ಒಳಜೇಬಿನಿಂದ ಮಡಿಸಿದ ನಕ್ಷೆಯೊಂದನ್ನು ತೆಗೆದರು. ಕಂದಾಯದ ಹಳೆಯ ನಕ್ಷೆ. ಪಟ್ಟನಾಯಕನಹಳ್ಳಿಯ ಪಡುವಣಕ್ಕೆ ಬೆರಳಿಟ್ಟರು. ಅಲ್ಲಿ ನೀಲಿ ಬಣ್ಣದ ಒಂದು ದೊಡ್ಡ ಮಚ್ಚೆ, ಅದರೊಳಗೆ ದುಂಡಾದ ಅಕ್ಷರದಲ್ಲಿ ‘ವೀರಸಮುದ್ರ’.

“ಕೆರೆ” ಎಂದೆ.

“ಹೆಸರು ಓದು.”

“ಅಪ್ಪಯ್ಯ, ನಮ್ಮ ಸೀಮೆಯಲ್ಲಿ ದೊಡ್ಡ ಕೆರೆಗೆಲ್ಲ ಸಮುದ್ರ ಅಂತ ಹೆಸರಿಡ್ತಾರೆ. ಅದು ಕೆರೆ.”

“ನಾನು ಸಮುದ್ರ ಅಂದೆ. ಕಡಲು ಅಂದೆನಾ? ದಫ್ತರದಲ್ಲಿ ಸಮುದ್ರ ಅಂತಲೇ ಇದೆ. ಈ ಸಲ ಕೋಡಿ ಬಿದ್ದಿದೆ, ಈಚೆ ದಡದಲ್ಲಿ ನಿಂತ್ರೆ ಆಚೆ ದಡ ಕಾಣಲ್ಲ. ಅವಳಿಗೆ ಬೇಕಿರೋದು ನೀರು. ಎಡೆ ಇಡ್ತಾಳೆ, ಅಳ್ತಾಳೆ, ಮನಸ್ಸು ಹಗುರ ಆಗ್ತದೆ. ಈ ಯುದ್ಧದ ಕಾಲದಲ್ಲಿ ಆ ರೈಲು, ಆ ಬಸ್ಸು, ಆ ಜನ… ಅವಳ ಕೈಲಿ ಆಗ್ತದಾ? ನೀನು ಓದಿದವಳು, ಯೋಚನೆ ಮಾಡು. ಬಾಯಿ ಬಿಡಬೇಡ.”

ನನ್ನ ತಂದೆ ಇಂಥ ಮಾತಿನಲ್ಲಿ ನುರಿತವರು. ಅಣ್ಣ ಸೈನ್ಯಕ್ಕೆ ಸೇರುವಾಗ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವರು ಅವರೇ. ಅವ್ವನಿಗೆ ಮಾತ್ರ “ಬೆಂಗಳೂರಿಗೆ ಹೋಗ್ತಾನೆ, ಸರ್ಕಾರಿ ಕೆಲಸ” ಎಂದಿದ್ದರು. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಭರ್ತಿಯಾದವರನ್ನು ಮೊದಲು ಬೆಂಗಳೂರಿಗೇ ಕಳಿಸುತ್ತಿದ್ದರು, ಕೆಲಸ ಸರ್ಕಾರದ್ದೇ. ಮಗ ಸೈನ್ಯದಲ್ಲಿದ್ದಾನೆಂದು ಅವ್ವನಿಗೆ ಗೊತ್ತಾದದ್ದು ಆರು ತಿಂಗಳ ಮೇಲೆ, ಸಮವಸ್ತ್ರದ ಪಟ ಬಂದಾಗ.

ಇಷ್ಟೆಲ್ಲ ತಿಳಿದಿದ್ದೂ ನಾನು ಎರಡು ದಿನ ಬಾಯಿ ಬಿಡಲಿಲ್ಲ. ಅವ್ವನಿಗೆ ಸಮಾಧಾನವಾದರೆ ಸಾಕಲ್ಲವೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಕಾರಣವಲ್ಲ. ಹಿಂದಿರುಗುವಾಗ ಮಧುಗಿರಿಯ ಆಚೆಯ ಹುಲ್ಲುಗಾವಲಿನಲ್ಲಿ ಮೂರು ದಿನ ನಿಂತು ಕೃಷ್ಣಮೃಗ ನೋಡೋಣವೆಂದು ಅಪ್ಪಯ್ಯ ನನಗೆ ಮಾತು ಕೊಟ್ಟಿದ್ದರು. ಜಗಳವಾದರೆ ಅದು ತಪ್ಪುತ್ತಿತ್ತು. ಪುಸ್ತಕದಲ್ಲಿ ಅದಕ್ಕಾಗಿ ನಾಲ್ಕು ಪುಟ ಖಾಲಿ ಬಿಟ್ಟಿದ್ದೆ.

ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ವೀರಸಮುದ್ರ ಮುಟ್ಟಿದೆವು. ಏರಿಯೂ ತೂಬೂ ಇರುವ ಕಡೆಗಲ್ಲ. ಅಪ್ಪಯ್ಯ ಗಾಡಿಯನ್ನು ಎದುರಿನ ಮೇಲ್ದಡಕ್ಕೆ ಹೊಡೆಸಿದರು. ಅಲ್ಲಿಂದ ಏರಿ ಕಾಣುತ್ತಿರಲಿಲ್ಲ. ಮೋಡ ಕವಿದಿತ್ತು. ಮೂಡಗಾಳಿಗೆ ನೀರು ಸಾಲುಸಾಲಾಗಿ ಬಂದು ದಡಕ್ಕೆ ಬಡಿಯುತ್ತಿತ್ತು, ಆಚೆ ದಡ ಮಬ್ಬಿನಲ್ಲಿ ಅಳಿಸಿಹೋಗಿತ್ತು. ಜೊಂಡಿನ ನಡುವೆ ಕೊಕ್ಕರೆಗಳು. ಸಿಹಿನೀರಿನ ಜೊಂಡು, ಸಿಹಿನೀರಿನ ಬಸವನಹುಳು. ಇಳಿದ ಕೂಡಲೇ ಇಷ್ಟನ್ನೂ ನಾನು ಗುರುತಿಸಿದೆ.

ಅವ್ವ ಗಾಡಿಯಿಂದ ಇಳಿದು ಬಹಳ ಹೊತ್ತು ನಿಂತಳು. ಸೆರಗು ಗಾಳಿಗೆ ಹಾರುತ್ತಿತ್ತು. ಆಮೇಲೆ ಅಪ್ಪಯ್ಯನ ಕಡೆ ನೋಡದೆ ನನ್ನ ಕಡೆ ತಿರುಗಿದಳು.

“ಇದೇನಾ ಗಂಗೂ?”

“ಇದೇ ವೀರಸಮುದ್ರ ಅವ್ವ” ಎಂದೆ.

ಒಂದು ಅಕ್ಷರವೂ ಸುಳ್ಳಲ್ಲ. ಅಪ್ಪಯ್ಯ ನನ್ನನ್ನು ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು. ಶಾಲೆಯಲ್ಲಿ ನನಗೆ ಮೊದಲ ಬಹುಮಾನ ಬಂದಾಗ ತಲೆಯಾಡಿಸಿದ್ದು ಹಾಗೆಯೇ.

ಅವ್ವ ನೀರಿನಂಚಿನಲ್ಲಿ ಒಂದು ಮೊಳ ಜಾಗ ಸವರಿ, ಎಲೆ ಹಾಸಿ, ಗಂಟು ಬಿಚ್ಚಿದಳು. ಪಂಚೆ, ಷರ್ಟು ಇಟ್ಟಳು. ತಂಬಿಟ್ಟು ಇಟ್ಟಳು. ಕೆಂಡಕ್ಕೆ ಧೂಪ ಹಾಕಿ, ತಲೆಯ ಮೇಲೆ ಸೆರಗು ಹೊದ್ದು ನೀರಿನ ಕಡೆ ಮುಖ ಮಾಡಿದಳು. “ಜಯರಾಮ” ಎಂದು ಕರೆದಳು. ಜೋರಾಗಿ ಅಲ್ಲ, ಹೊಲದಂಚಿನಲ್ಲಿರುವ ಮಗನನ್ನು ಊಟಕ್ಕೆ ಕರೆಯುವಷ್ಟು. “ಜಯರಾಮ, ಬಾಪ್ಪ.”

ಎರಡನೆಯ ಸಲ ಕರೆಯುವಷ್ಟರಲ್ಲಿ, ನೊಗ ಬಿಚ್ಚಿದ್ದ ಎಡಗೋಲಿನ ಎತ್ತು ಅವಳ ಪಕ್ಕದಿಂದಲೇ ನೀರಿಗಿಳಿಯಿತು. ಮಂಡಿಯುದ್ದ ನೀರಿನಲ್ಲಿ ನಿಂತು ಮೂತಿಯಿಟ್ಟು ಕುಡಿಯತೊಡಗಿತು. ನಿಧಾನವಾಗಿ, ಗಂಟಲು ಏರಿಳಿಯುವಂತೆ, ಹೊಟ್ಟೆ ತುಂಬ. ಬಲಗೋಲಿನದೂ ಬಂದು ಅದರ ಪಕ್ಕ ನಿಂತಿತು.

ಅವ್ವ ಎತ್ತುಗಳನ್ನೇ ನೋಡಿದಳು. ಮೂರನೆಯ ಸಲ ಕರೆಯಲಿಲ್ಲ.

“ಬೋರಯ್ಯ” ಎಂದಳು. “ನಿನ್ನ ಎತ್ತು ಉಪ್ಪುನೀರು ಕುಡೀತವಾ?”

ಬೋರಯ್ಯ ಅಪ್ಪಯ್ಯನನ್ನು ನೋಡಿ, ನನ್ನನ್ನು ನೋಡಿ, ನೆಲ ನೋಡಿದ. “ಇಲ್ಲ ತಾಯಿ. ಉಪ್ಪು ನೆಕ್ತವೆ. ಉಪ್ಪುನೀರು ಕುಡಿಯಾಕಿಲ್ಲ.”

ಅಪ್ಪಯ್ಯ ನಕ್ಕರು. “ಲೇ ಕೆಂಚಿ, ಇದು ಮಳೆ ನೀರು ಬಂದು ಸೇರೋ ಕಡೆ. ಕಾರ್ತಿಕದಲ್ಲಿ ದಡದ ನೀರು ಸಿಹಿ ಇರ್ತದೆ. ಬೇಕಾದ್ರೆ ಮಗಳನ್ನ ಕೇಳು, ಬಿ.ಎಸ್ಸಿ. ಮಾಡಿದಾಳೆ. ಹೇಳು ಗಂಗೂ.”

ಅವ್ವ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ಕುಡಿದಳು. ಎದ್ದು ಬಾಯೊರೆಸಿಕೊಂಡು ನನ್ನ ಮುಂದೆ ನಿಂತಳು. ಅವಳ ಮುಖದಲ್ಲಿ ಕೋಪವಿನ್ನೂ ಬಂದಿರಲಿಲ್ಲ. ಅದು ಬರಬೇಕೋ ಬೇಡವೋ ಎಂಬುದನ್ನು ನನ್ನ ಬಾಯಿಗೆ ಬಿಟ್ಟಿದ್ದಳು.

“ಹೇಳು.”

“ಕೆರೆ ಅವ್ವ” ಎಂದೆ. “ಸಿರಾದಿಂದ ಒಂದೂವರೆ ದಿನದ ದಾರಿ. ಕಡಲು ಇನ್ನೂ ನೂರೈವತ್ತು ಮೈಲಿ ಮೇಲಿದೆ.”

“ನಿನಗೆ ಯಾವತ್ತು ಗೊತ್ತಾಯ್ತು?”

“ಗುರುವಾರ.”

“ಗುರುವಾರ” ಎಂದು ಅವಳು ಬೆರಳು ಮಡಿಚಿದಳು. “ಸುಕ್ರವಾರ. ಸನಿವಾರ. ಮೂರು ದಿನ ನನ್ನ ಪಕ್ಕದಾಗೆ ಕೂತು ಉಂಡಿದೀಯ.”

“ಅವಳದೇನೂ ತಪ್ಪಿಲ್ಲ” ಎಂದರು ಅಪ್ಪಯ್ಯ. “ನಾನೇ ಬೇಡ ಅಂದೆ. ಮತ್ತೆ ಸುಳ್ಳು ಯಾರು ಹೇಳಿದಾರೆ ಇಲ್ಲಿ? ಸಮುದ್ರ ಅಂದೆ, ಸಮುದ್ರಕ್ಕೆ ಬಂದಿದೀವಿ. ನೀರೆಲ್ಲಾ ಒಂದೇ ಕಣೇ. ಈ ನೀರೂ ಹರಿದು ಹರಿದು ಅಲ್ಲಿಗೇ—”

“ಚಾಲು” ಎಂದಳು ಅವ್ವ.

ಸಾಕು ಎನ್ನುವುದಕ್ಕೆ ಅವಳ ತವರಿನ ಮಾತು ಅದು. ನಿಡುಗಲ್ಲಿನ ಬೆಟ್ಟದ ಕೆಳಗೆ ಹುಟ್ಟಿದವಳು. ಮೂವತ್ತು ವರ್ಷ ಮಧುಗಿರಿಯಲ್ಲಿ ಬಾಳಿ, ಆ ತೆಲುಗನ್ನು ಅಪ್ಪಯ್ಯನ ಎದುರಿಗೆ ಒಮ್ಮೆಯೂ ಆಡಿದ್ದನ್ನು ನಾನು ಕೇಳಿರಲಿಲ್ಲ.

“ಆವತ್ತು ಬೆಂಗ್ಳೂರು ಅಂದ್ರಿ. ಬೆಂಗ್ಳೂರು ನಿಜ. ಸರ್ಕಾರಿ ಕೆಲಸ ಅಂದ್ರಿ, ಅದೂ ನಿಜ. ಇವತ್ತು ಸಮುದ್ರ, ಇದೂ ನಿಜ. ನಿಮ್ಮ ನಿಜದಾಗೆ ನನ್ನ ಮಗ ಹೋದ. ನಾನು ಇಲ್ಲಿ ನಿಂತ್ಕಂಡು ದನ ತೊಳೆಯೋ ನೀರಿಗೆ ಅವನ ಹೆಸ್ರು ಹಿಡಿದು ಎರಡು ಸಲ ಕರೆದೆ. ಎರಡು ಸಲ. ಅಲ್ಲಿ ಅವನಿಗೆ ಏನಂತ ಕೇಳಿಸ್ತೋ.”

“ಜೋರಾಗಿ ಮಾತಾಡಬೇಡ, ಆಳು ನಿಂತಿದಾನೆ.”

“ಆಳು ನಿಜ ಹೇಳ್ದ. ಅವನು ನಿಂತ್ಕಳ್ಳಿ.”

ಅವಳು ಕುಕ್ಕುರುಗಾಲಲ್ಲಿ ಕೂತು ಎಡೆಯನ್ನು ಎತ್ತತೊಡಗಿದಳು. ಇಟ್ಟ ಎಡೆಯನ್ನು ಎತ್ತುವುದು ನಮ್ಮಲ್ಲಿ ಇಲ್ಲ. ಅದು ಕಾಗೆಗೋ ನೀರಿಗೋ ಸೇರಬೇಕು. ಅವಳು ತಂಬಿಟ್ಟಿಗೆ ಅಂಟಿದ ಮರಳನ್ನು ಉಗುರಿನಿಂದ ಒಂದೊಂದೇ ತೆಗೆದು, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಪಂಚೆ ಕೊಡವಿ ಮಡಿಸಿದಳು. ನಾನು ಸಹಾಯಕ್ಕೆ ಕೈ ಚಾಚಿದೆ. ನನ್ನ ಕೈಯನ್ನು, ಎಂಜಲು ಕೈಯನ್ನು ಸರಿಸುವಂತೆ, ಮಣಿಕಟ್ಟಿನಿಂದ ಸರಿಸಿದಳು.

“ಬೋರಯ್ಯ, ಕಡಲಿಗೆ ದಾರಿ ಯಾವುದು?”

“ಹುಳಿಯಾರಿನ ಮೇಲೆ ಅರಸೀಕೆರೆಗೆ ನಾಕು ದಿನ ತಾಯಿ. ಅಲ್ಲಿಂದ ರೈಲಂತೆ. ಆಮೇಲಿಂದು ನನಗೆ ತಿಳೀದು.”

“ಶಿವಮೊಗ್ಗಕ್ಕೆ ರೈಲು” ಎಂದೆ. “ಅಲ್ಲಿಂದ ಆಗುಂಬೆ ಘಟ್ಟ ಇಳಿಯಬೇಕು, ಇದ್ದಿಲಲ್ಲಿ ಓಡೋ ಬಸ್ಸಿದೆ. ಒಟ್ಟು ಎಂಟು ದಿನ ಅವ್ವ.”

“ಹೂಡು” ಎಂದಳು ಬೋರಯ್ಯನಿಗೆ.

ಅಪ್ಪಯ್ಯ ಅಡ್ಡ ಬಂದು ಮೂಕಿಯ ಮೇಲೆ ಕೈಯಿಟ್ಟರು. ನೌಕರಿಯ ದಿನಗಳ ದನಿ ಬಂತು. “ಗಾಡಿ ನನ್ನದು. ಮಧುಗಿರಿಗಲ್ಲದೆ ಎಲ್ಲಿಗೂ ಹೋಗಲ್ಲ.”

ಬೋರಯ್ಯ ತಲೆ ಕೆರೆದುಕೊಂಡ. “ಗಾಡಿ ನಿಮ್ದೇ ಸ್ವಾಮಿ. ಯಾರು ಇಲ್ಲ ಅಂದ್ರು? ಎತ್ತು ನನ್ವು.” ನೀರಿನಿಂದ ಎರಡನ್ನೂ ಹೊಡೆದುಕೊಂಡು ಬಂದು ಮೂಗುದಾರ ಹಿಡಿದ. “ತಾಯಿ, ಕೆರೆ ಕೆಳಗಿನ ಊರಾಗೆ ನನ್ನ ಷಡ್ಡಕ ಅವ್ನೆ, ಗಾಡಿ ಕೊಡ್ತಾನೆ. ಬರೀ ಗೊಬ್ಬರದ ಗಾಡಿ, ಕಮಾನಿಲ್ಲ, ಹಲಗೆ ಇಲ್ಲ. ಆದೀತಾ?”

“ಆದೀತು.”

ಎತ್ತಿಲ್ಲದ ಮನೆಬಂಡಿ ಮೂಗು ನೆಲಕ್ಕೂರಿ ನಿಂತಿತ್ತು. ಅಪ್ಪಯ್ಯ ಅದರ ಕಮಾನನ್ನು ಹಿಡಿದುಕೊಂಡರು. ಹತ್ತು ದಿನದಲ್ಲಿ ಮೊದಲ ಸಲ ಅವರಿಗೆ ಮಾತು ತಡವಾಯಿತು.

“ಕೆಂಚಿ, ನನ್ನ ಕೈಲಿ ಆ ನೀರು ನೋಡಕ್ಕಾಗಲ್ಲ. ಕಾಗದಕ್ಕೆ ಸಹಿ ಹಾಕಿದ್ದು ಈ ಕೈ. ಅದಕ್ಕೇ ಅಲ್ಲಿಗೆ ಬೇಡ ಅಂತ…”

ಆ ಮಾತು ನಿಜವೇ ಇರಬಹುದು. ಅದನ್ನು ಗುರುವಾರ ಹೇಳಿದ್ದರೆ, ತಂತಿ ಬಂದ ದಿನವೇ ಹೇಳಿದ್ದರೆ, ನಾನು ಅವರ ಪಾದ ಹಿಡಿದು ಅಳುತ್ತಿದ್ದೆ. ಈಗ ನನಗೆ ಕಂಡದ್ದು ಇಷ್ಟೇ: ಇದು ಇನ್ನೊಂದು ಚೆನ್ನಾಗಿ ಕಟ್ಟಿದ ವಾಕ್ಯವಲ್ಲ ಎಂದು ತಿಳಿಯಲು ನನ್ನಲ್ಲಿ ಯಾವ ಪರೀಕ್ಷೆಯೂ ಉಳಿದಿಲ್ಲ. ಆ ಅನುಮಾನವನ್ನು ನನ್ನೊಳಗೆ ಬಿತ್ತಿದ್ದಕ್ಕೆ ಅವರ ಮೇಲೆ ಬಂದ ಸಿಟ್ಟು, ಕೆರೆಗೆ ಕರೆತಂದದ್ದಕ್ಕೆ ಬಂದದ್ದಕ್ಕಿಂತ ದೊಡ್ಡದಾಗಿತ್ತು.

“ನೀವು ನೋಡ್ಬ್ಯಾಡ್ರಿ” ಎಂದಳು ಅವ್ವ. “ನಾನು ನೋಡ್ತೀನಿ. ನೀವು ಇಲ್ಲೇ ಇರಿ, ನಿಮ್ಮ ಸಮುದ್ರದ ದಡದಾಗೆ.”

ಅವಳು ಗಂಟನ್ನು ತಲೆಯ ಮೇಲಿಟ್ಟುಕೊಂಡು ನಡೆದಳು. ನಾನು ಅವಳ ಹಾಸಿಗೆಯ ಸುರುಳಿ, ನನ್ನ ಚೀಲ ಎತ್ತಿಕೊಂಡೆ. ಅಪ್ಪಯ್ಯ ನನ್ನ ಹೆಸರು ಹಿಡಿದು ಕರೆದರು. ತಿರುಗಲಿಲ್ಲ. ಅವ್ವನ ಹಿಂದೆ ಹೋಗಬೇಕೆಂದು ನನ್ನನ್ನು ಯಾರೂ ಕರೆದಿರಲಿಲ್ಲ, ಆದರೂ ಹೋದೆ.

ದಡ ಬಳಸಿ ಹೋಗುವ ಕಾಲುದಾರಿ. ಬೋರಯ್ಯ ಎತ್ತುಗಳೊಡನೆ ಮುಂದೆ, ಅವ್ವ ನಡುವೆ, ನಾನು ಹಿಂದೆ. ಅರ್ಧ ಮೈಲಿ ನಡೆದೆವು. ಏರಿ ಕಾಣಿಸಿತು, ತೂಬಿನ ಕಲ್ಲುಕಂಬ ಕಾಣಿಸಿತು, ಬಟ್ಟೆ ಒಗೆಯುವ ಹೆಂಗಸರು ಕಾಣಿಸಿದರು. ಅವ್ವ ಅದೆಲ್ಲವನ್ನೂ ನಿಂತು ಸರಿಯಾಗಿ ನೋಡಿದಳು.

“ಅವ್ವ, ಗಂಟು ನನಗೆ ಕೊಡು. ಭಾರ.”

“ಬ್ಯಾಡ.”

“ಅಲ್ಲಿ ಮುಟ್ಟಿದ ಮೇಲೆ ನಾನೇ ನಿನಗೆ—”

“ಅಲ್ಲಿ ಮುಟ್ಟಿದ ಮ್ಯಾಲೆ ನೀನು ಏನೂ ಹೇಳ್ಬ್ಯಾಡ” ಎಂದಳು, ನಡಿಗೆ ನಿಲ್ಲಿಸದೆ. “ನಾನೇ ಕುಡಿದು ನೋಡ್ತೀನಿ.”